ನಲವತ್ತು ಸಲ ಹೌದು

"ಮೂರನೇ ಸಲ ಕೇಳಾಕತ್ತಿ ತಂಗಿ," ಅಂದ ಹೊಳೆದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕ. "ಎರಡು ಸಲ ನಾ ಹೇಳಿ ಮುಗಿಸೂದ್ರಾಗ ಹೊಂಟಬಿಟ್ಟಿ."

ಏಳು ದೇಶ ಸುತ್ತಿದ್ದ ರುದ್ರಾಣಿ ತನ್ನ ಗುರುವಿನ ಮಠಕ್ಕೇ ದಾರಿ ತಪ್ಪಿದ್ದಳು. ಈ ಸಲ ನಿಂತು ಪೂರ್ತಿ ಕೇಳಿಸಿಕೊಂಡಳು.

ಗುರು ಸಂಗವ್ವನ ಗಂಟಲಿಗೆ ಹುಣ್ಣಾಗಿತ್ತು. ಉಳಿದದ್ದು ಪಿಸುಮಾತು ಮಾತ್ರ. ಅವಳ ನಲವತ್ತು ಹಾಡು ಮಠದಲ್ಲಿ ಬೇರೆ ಯಾರಿಗೂ ಬಾರವು. ಹಿಂದೊಮ್ಮೆ ಒಂದು ಸಂಸ್ಥೆಯವರು ಅವನ್ನು ಧ್ವನಿಮುದ್ರಿಸಿ ವೆಬ್ ಪುಟವೊಂದರಲ್ಲಿ ಇಟ್ಟಿದ್ದರು. ಆ ಪುಟವನ್ನು ಇಂದು ಸಂಜೆ ಆರಕ್ಕೆ ಮುಚ್ಚುವುದಾಗಿ, ಬೇಕಿದ್ದರೆ ಅಷ್ಟರೊಳಗೆ ಇಳಿಸಿಕೊಳ್ಳುವಂತೆ ಮಠಕ್ಕೆ ಪತ್ರ ಬರೆದಿದ್ದರು. ಪಾಸ್‌ವರ್ಡ್ ಆ ಪತ್ರದಲ್ಲೇ ಇತ್ತು.

ಅವನ್ನು ಉಳಿಸಲು ಬಂದ ರುದ್ರಾಣಿ, ಮಠ ಸೇರಿದ್ದೇ ಲ್ಯಾಪ್‌ಟಾಪ್ ತೆರೆದು ಹೊಳೆಯ ಮೆಟ್ಟಿಲ ಮೇಲೆ ಕೂತಳು. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿತ್ತು. ಒಂದಾದ ಮೇಲೊಂದು ಇಳಿಸತೊಡಗಿದಳು. ಗುರು ಪಕ್ಕದಲ್ಲಿ ಕಂಬಳಿ ಹೊದ್ದು ಕೂತಳು.

"ಎಷ್ಟು ಬಂದುವು?"

"ಹದಿನೇಳು, ಅವ್ವಾರ."

"ಒಂದಾದ್ರೂ ಕೇಳಿದಿ?"

"ಮೊದಲು ಎಲ್ಲಾ ಬರಲಿ. ಆಮೇಲೆ ಕೇಳಿದ್ರಾತು."

ಗುರು ಪರದೆಯನ್ನೇ ನೋಡಿದಳು.

"ಸಲಸಲಕ್ಕೂ ಅದು ನಿನ್ನ ಏನೋ ಕೇಳತೈತಲ್ಲ."

"ಅದು ಹಂಗ ಕೇಳತೈತ್ರಿ. ಹೌದು ಅಂದ್ರ ಆತು."

ಐದೂಮುಕ್ಕಾಲಿಗೆ ನಲವತ್ತು ಹಾಡೂ, ಕೊನೆಯಲ್ಲಿದ್ದ ನಲವತ್ತೊಂದನೆಯ ತುಣುಕೂ ಇಳಿದವು. ರುದ್ರಾಣಿ ಸೊಂಟ ನೆಟ್ಟಗೆ ಮಾಡಿ, ಚಹಾ ಕುಡಿದು ಬಂದು ಫೋಲ್ಡರ್ ತೆರೆದಳು.

ಒಂದೇ ಒಂದು ಫೈಲ್ ಇತ್ತು.

ಸಂಸ್ಥೆಯವರು ಎಲ್ಲಕ್ಕೂ ಒಂದೇ ಹೆಸರಿಟ್ಟಿದ್ದರು. ಹಳೆಯದನ್ನು ಅಳಿಸಿ ಹೊಸದನ್ನಿಡಲೇ ಎಂದು ಯಂತ್ರ ನಲವತ್ತು ಸಲ ಕೇಳಿತ್ತು. ನಲವತ್ತು ಸಲವೂ ಅವಳು ಓದದೆ ಹೌದು ಎಂದಿದ್ದಳು.

ಪುಟಕ್ಕೆ ಮರಳಿದಳು. ಆರು ದಾಟಿತ್ತು. ಪುಟ ಇರಲಿಲ್ಲ.

ಉಳಿದ ಫೈಲನ್ನು ಒತ್ತಿದಳು. ಏಕತಾರಿಯ ತಂತಿ ಬಿಗಿಯುವ ಸದ್ದು. ಆಮೇಲೆ ಸಂಗವ್ವನ ಹಳೆಯ ಗಟ್ಟಿ ದನಿ: "ಮುಗೀತೇನ್ರಿ?" ಅಷ್ಟೇ.



"ಅವ್ವಾರ, ನಾ ಎಲ್ಲಾ ಕಳದೆ."

ಗುರು ಲ್ಯಾಪ್‌ಟಾಪ್ ಮುಚ್ಚಿದಳು. "ನನ್ನದೊಂದು ನಿನ್ನ ಹತ್ರ ಐತಿ."

ಆ ಮಠದಲ್ಲಿ ಒಂದು ಕಟ್ಟಳೆ ಇತ್ತು. ಕಲಿತ ಹಾಡನ್ನು ಗುರುವಿನ ಮುಂದೆ ಕೂತು ಒಪ್ಪಿಸಬೇಕು; ಒಪ್ಪಿಸದೆ ಹೋದರೆ ಅದು ಸಾಲ. ಇಪ್ಪತ್ತು ವರ್ಷದ ಹಿಂದೆ ರುದ್ರಾಣಿ ಒಂಬತ್ತು ಕಲಿತು ಎಂಟು ಒಪ್ಪಿಸಿದ್ದಳು. ಒಂಬತ್ತನೆಯದಕ್ಕೆ ನಿಲ್ಲದೆ ಬಸ್ಸು ಹತ್ತಿದ್ದಳು. ಒಪ್ಪಿಸಿದ ಎಂಟೂ ದಾರಿಯಲ್ಲೇ ಮರೆತುಹೋದವು. ಒಪ್ಪಿಸದ ಒಂದು ಮಾತ್ರ ಹೋದ ಊರಿಗೆಲ್ಲ ಮುಳ್ಳಿನಂತೆ ಜೊತೆ ಬಂದಿತ್ತು.

ಚಪ್ಪಲಿ ಬಿಟ್ಟು ಗುರುವಿನ ಎದುರು ಕೂತಳು. ಹಾಡಿದಳು. ಒಂದು ಪದವೂ ತಪ್ಪಲಿಲ್ಲ.

ಸಂಗವ್ವ ಕಣ್ಣು ತೆರೆದಳು.

"ಸಾಲ ತೀರಿತು," ಅಂದಳು. "ಇನ್ನ ಇದನ್ನೂ ಮರೀತಿ."