ಕಮಾನಿಗಿಟ್ಟ ಕುಂಕುಮ

ಕೃಷ್ಣೆಯ ದಡದಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಬಡವರಿಗೆ ಔಷಧಿ ಕೊಡುವ ಒಬ್ಬ ಗುರುಗಳು. ಜನ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು.

ಆಶ್ರಮಕ್ಕೊಂದು ಹಳೆಯ ಪಿಕಪ್ ಗಾಡಿ. ಓಡಿಸುವವನು ಶಿಷ್ಯ ಸಂಗನಬಸು. ದೋಣಿ ಇಳಿದ ರೋಗಿಗಳನ್ನು ಕೂರಿಸಿಕೊಂಡು ದಡದ ಏರು ಹತ್ತಿಸುವುದು ಅವನ ಸೇವೆ. ಮೊದಲು ವೆಲ್ಡಿಂಗ್ ಮಾಡುತ್ತಿದ್ದವನು. ನಾಲ್ಕು ಬೆಸುಗೆ ಹಾಕಿದರೆ ಸರಿಯಾಗದ್ದು ಜಗತ್ತಿನಲ್ಲಿ ಇಲ್ಲವೆಂದೇ ಅವನ ಲೆಕ್ಕ.

ಈಚೆಗೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಗಾಡಿಯ ಹಿಂಬದಿ ದಡದಡ ಕುಣಿಯುತ್ತಿತ್ತು. ಹೋದ ಸೋಮವಾರ ಹಾಗೆ ಕುಣಿದಾಗ ತಿಪ್ಪವ್ವ ಎಂಬ ಮುದುಕಿ ಕೂತಿದ್ದ ಹಲಗೆಯಿಂದ ಕೆಳಗೆ ಬಿದ್ದಳು. ಮೊಣಕೈ ತರಚಿತು.

"ಇನ್ನ ನಾ ಈ ಗಾಡಿ ಹತ್ತಂಗಿಲ್ಲೋ ಯಪ್ಪಾ. ನಡಕೋತ ಬರ್ತೀನಿ" ಎಂದಳು.

ಮಂಡಿನೋವಿಗೆ ಔಷಧಿ ಒಯ್ಯಲು ಬರುವವಳು ಆ ಏರನ್ನು ನಡೆದು ಹತ್ತುವುದೆಂದರೇನು! ಸಂಗನಬಸುವಿಗೆ ಅಂದು ಊಟ ಸೇರಲಿಲ್ಲ.

ಅವನು ಎರಡು ಕಬ್ಬಿಣದ ಪೈಪು ಕೊಯ್ದು ತಂದ.

"ಅಜ್ಜಾರ, ಇವನ್ನ ಹಿಂದಿನ ಆಕ್ಸಲ್‌ನಿಂದ ಚಾಸಿ ಚೌಕಟ್ಟಿಗೆ ಜೋಡಿಸಿ ವೆಲ್ಡ್ ಮಾಡಿಬಿಡ್ತೀನ್ರಿ. ಕಮಾನು ತಿರುಚೂದು ನಿಲ್ತೈತಿ, ಕುಣಿಯೂದೂ ನಿಲ್ತೈತಿ. ಹಾಕಲ್ಯೋ ಬ್ಯಾಡೋ?"

ಕಮಾನು ಎಂದರೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿಯ ಭಾರವೆಲ್ಲ ಅವುಗಳ ಮೇಲೆ.

ಗುರುಗಳು ಕೇಳಿದರು: "ಇವತ್ತೇನು ಐತಿ?"

"ಮಹಾನವಮಿ ಖಂಡೇಪೂಜೆರಿ."

"ನಿನ್ನ ವೆಲ್ಡಿಂಗ್ ಮಷೀನು?"

"ಪೂಜಿಗೆ ಇಟ್ಟೀನ್ರಿ."

"ಪೂಜಿಗೆ ಇಟ್ಟ ಹತಾರ ಇವತ್ತ ಮುಟ್ಟತಾರೇನು?"

ಶಿಷ್ಯ ತಲೆ ಕೆರೆದುಕೊಂಡ. ಬೆಳಿಗ್ಗೆ ತಾನೇ ಹೂ ಏರಿಸಿ ಕೈಮುಗಿದಿದ್ದನ್ನು ಅವಸರದಲ್ಲಿ ಮರೆತೇಬಿಟ್ಟಿದ್ದ.

"ಹೋಗ್ಲಿ. ಗಾಡಿ ಪೂಜಾ ಆತೇನು?"

"ಆತ್ರಿ. ಬಾನೆಟ್ಟಿಗೆ ಹಾರ, ಸ್ಟೇರಿಂಗಿಗೆ ಕುಂಕುಮ, ನಾಕೂ ಗಾಲಿಗೆ ಲಿಂಬಿಹಣ್ಣು."

"ಹನ್ನೆರಡು ವರ್ಷ ಇಷ್ಟು ಮಂದೀನ ಹೊತ್ತದ್ದು ಯಾವುದು?"

"ಗಾಡಿರಿ."

"ಗಾಡೀನ ಹೊತ್ತದ್ದು?"

"ಕಮಾನ್ರಿ."

"ಅದಕ್ಕ ಕುಂಕುಮ?"

"ಅದು ಕೆಳಗಿರ್ತೈತ್ರಿ. ಯಾರಿಗೂ ಕಾಣಂಗಿಲ್ಲ."

ಗುರುಗಳು ಕುಂಕುಮದ ಬಟ್ಟಲನ್ನು ಅವನ ಕೈಗಿಟ್ಟು ಒಳಗೆ ಹೋದರು.

ಸಂಗನಬಸು ಗೊಣಗುತ್ತಲೇ ಗಾಡಿಯ ಕೆಳಗೆ ತೂರಿದ. ಒಣಗಿದ ಕೆಸರಿಗೆ ಕುಂಕುಮ ಹತ್ತಲಿಲ್ಲ. ಹೊಳೆಯಿಂದ ನೀರು ತಂದ. ತೆಂಗಿನ ನಾರು ಹಿಡಿದು ತಿಕ್ಕತೊಡಗಿದ.

ತಿಕ್ಕುತ್ತ ತಿಕ್ಕುತ್ತ ಹಳೆಯದೆಲ್ಲ ನೆನಪಾಯಿತು. ಹೊಳೆ ಉಕ್ಕಿದ ವರ್ಷ ಇಡೀ ಕೇರಿಯನ್ನು ದಡ ಹತ್ತಿಸಿದ್ದು ಈ ಪಟ್ಟಿಗಳೇ. ನೋವು ತಿನ್ನುತ್ತಿದ್ದ ಬಸುರಿಯರನ್ನು ವೇಳೆಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಇವೇ. ಒಂದು ದಿನವಾದರೂ ಬಗ್ಗಿ ನೋಡಲಿಲ್ಲವಲ್ಲ ಎನಿಸಿ ಅವನ ಕಣ್ಣು ತುಂಬಿತು.

ಎಡಗಡೆಯ ಕಮಾನನ್ನು ಒರೆಸುವಾಗ ಬೆರಳಿಗೆ ಏನೋ ಚುಚ್ಚಿತು.

ಮೈಯೆಲ್ಲ ಕೆಸರು ಮಾಡಿಕೊಂಡು ಗುರುಗಳ ಮುಂದೆ ಬಂದು ನಿಂತ.

"ಅಜ್ಜಾರ, ಮೂರನೇ ಪಟ್ಟಿ ಮುರದೈತ್ರಿ. ಉಳಿದವು ಅದರ ಪಾಲಿನ ಭಾರಾನೂ ಹೊತ್ಕೊಂಡು ಬಂದಾವ."

"ಪೈಪು ಹಾಕಿದ್ದರ?"

"ಕುಣಿಯೂದು ನಿಲ್ತಿತ್ರಿ. ಮುರದದ್ದು ನನಗ ಗೊತ್ತಾಗತಿರಲಿಲ್ಲ. ಒಂದಿನ ಗಾಡಿ ತುಂಬ ಮಂದಿ ಇದ್ದಾಗ ಕಮಾನು ಪೂರಾ ಮುರೀತಿತ್ರಿ."



ಮರುದಿನ ಹೊಸ ಪಟ್ಟಿ ಬಂತು. ಪೂಜೆಗಿಟ್ಟ ಹತಾರ ಎದ್ದವು. ಕಮಾನು ಬಿಚ್ಚಿ ಕಟ್ಟಿದ್ದಾಯಿತು. ಪೈಪುಗಳು ಮಾತ್ರ ಅಂಗಳದಲ್ಲೇ ಉಳಿದವು.

"ಇವನ್ನೇನು ಮಾಡ್ಲಿರಿ?"

"ತಿಪ್ಪವ್ವನ್ನ ಕೇಳು."

ಸಂಗನಬಸು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಕೇಳಿದ. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹಿಡಕೊಳ್ಳಾಕ ಏನರ ಇದ್ದಿದ್ದರ ನಾ ಯಾಕ ಬೀಳ್ತಿದ್ನೋ, ಶಾಣ್ಯಾ?"

ಪೈಪುಗಳು ಗಾಡಿಯ ಹಿಂದೆ ಎರಡೂ ಬದಿಗೆ ಹಿಡಿಕೆಗಳಾದವು.

ಸೋಮವಾರ ತಿಪ್ಪವ್ವ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಹಿಡಿಕೆಯನ್ನು ಅಲ್ಲಾಡಿಸಿ ನೋಡಿದಳು. ಆಮೇಲೆ ಹತ್ತಿ ಕೂತಳು. ಗಾಡಿ ಏರನ್ನು ಕುಣಿಯದೆ ಹತ್ತಿತು.

ಇಳಿದವಳು ಸಂಗನಬಸುವಿನ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ಹೊಟ್ಟಿ ತಣ್ಣಗಿರ್ಲಿ, ಮಗನ."

ಅವನು ನೇರ ಹೋಗಿ ಗುರುಗಳ ಕಾಲಿಗೆ ಬಿದ್ದ.

"ಅಜ್ಜಾರ, ನಿಮ್ಮ ಉಪಕಾರ ನಾ ಹ್ಯಾಂಗ ತೀರಿಸ್ಲಿ?"

ಗುರುಗಳು ಅವನನ್ನು ಎಬ್ಬಿಸಿ, ಅಂಗಿಯ ಮಣ್ಣು ಕೊಡವಿದರು.

"ಬಟ್ಟಲದಾಗ ಕುಂಕುಮ ಉಳದೈತೇನು ನೋಡು. ಬ್ರೇಕಿಗೆ ಇಟ್ಟಿಲ್ಲಲ್ಲೋ, ತಮ್ಮಾ."