ಬಿಳಿ ಹಲಗೆ

"ಗುರುಗಳೇ, ಈ ಹನ್ನೆರಡು ಜನ ಕಿರಿಯರಲ್ಲೂ ಬರೀ ಅಹಂಕಾರವೇ ಕಾಣುತ್ತಿದೆ. ಯಾರನ್ನು ಮೊದಲು ಮನೆಗೆ ಕಳಿಸಲಿ?" ಎಂದು ಶಿಷ್ಯ ನಿಂಗಯ್ಯ ಕೇಳಿದ. ಮಠದ ಪಾಠಶಾಲೆ ಅವನ ಉಸ್ತುವಾರಿಯಲ್ಲಿತ್ತು.

ಗುರುಗಳು ನಕ್ಕರು. "ಅವಸರವೇನಪ್ಪ, ಕೂತುಕೋ. ಕತೆ ಕೇಳಿ ಆಮೇಲೆ ಕಳಿಸುವೆಯಂತೆ" ಎಂದು ಹೇಳತೊಡಗಿದರು.

ಒಬ್ಬ ನಕ್ಷೆಗಾರ್ತಿ ಇದ್ದಳು. ಯಾರೂ ಕಾಲಿಡದ ಗ್ರಹದ ನೆಲದಲ್ಲಿ ಏನಿದೆಯೆಂದು ಹೇಳುವುದು ಅವಳ ಕೆಲಸ. ಹೇಗೆ ಅಂತೀಯಾ? ನೆಲಕ್ಕೆ ಬಿದ್ದ ಬಿಸಿಲು ಪೂರ್ತಿ ಹಿಂತಿರುಗುವುದಿಲ್ಲ. ಒಂದೊಂದು ಕಲ್ಲು ಒಂದೊಂದು ಬಣ್ಣವನ್ನು ನುಂಗಿಕೊಳ್ಳುತ್ತದೆ. ಗ್ರಹವನ್ನು ಸುತ್ತುವ ನೌಕೆಯ ಕ್ಯಾಮೆರಾ ಮರಳಿದ ಬೆಳಕನ್ನು ನೂರಾರು ಬಣ್ಣಗಳಾಗಿ ಬಿಡಿಸಿ ಚಿತ್ರ ಕಳಿಸುತ್ತಿತ್ತು. ಯಾವ ಬಣ್ಣ ಕಾಣೆಯಾಗಿದೆಯೆಂದು ನೋಡಿ, ಇಲ್ಲಿ ಕಬ್ಬಿಣ, ಇಲ್ಲಿ ನೀರು ಕುಡಿದ ಜೇಡಿಮಣ್ಣು ಎಂದು ಅವಳು ಗುರುತು ಹಾಕುತ್ತಿದ್ದಳು. ಜೇಡಿ ಇದ್ದಲ್ಲಿಗೆ ಇನ್ನೊಂದು ನೌಕೆಯನ್ನು ಇಳಿಸಬೇಕು. ಇಳಿಯುವುದು ಒಂದೇ ಸಲ.

ಗ್ರಹ ಸುತ್ತುವ ನೌಕೆಯ ಮೇಲೆ ಒಂದು ಬಿಳಿ ಹಲಗೆ ಇತ್ತು. ಯಾವ ಬಣ್ಣವನ್ನೂ ನುಂಗದ ಹಲಗೆ. ದಿನವೂ ಮೊದಲು ಕ್ಯಾಮೆರಾವನ್ನು ಅದರತ್ತ ತಿರುಗಿಸಿ, ಆಮೇಲೆ ನೆಲ ನೋಡಬೇಕೆಂಬುದು ನಿಯಮ. ಬೆಳ್ಳಗಿರುವುದನ್ನು ದಿನಾ ನೋಡುವುದೇನು ಎಂದು ಅವಳು ಬಿಟ್ಟುಬಿಟ್ಟಳು. ನಾಲ್ಕು ವರ್ಷ ದುಡಿದು ನಕ್ಷೆ ಮುಗಿಸಿದಳು. ಗುಡ್ಡದಲ್ಲಿ ಜೇಡಿ, ಕಣಿವೆಯಲ್ಲಿ ಜೇಡಿ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಇಳಿಯುವ ಜಾಗವೂ ಗೊತ್ತಾಯಿತು.

ಒಂದು ದಿನ ನಕ್ಷೆಯ ಒಂದು ಮೂಲೆ ಅವಳ ಕಣ್ಣಿಗೆ ಚುಚ್ಚಿತು. ಆಗತಾನೇ ಬೆಂಕಿ ಉಗುಳಿದ ಪರ್ವತದ ಬಾಯಲ್ಲೂ ಜೇಡಿ! ಅಲ್ಲಿ ನೀರು ಉಳಿಯುವುದುಂಟೇ? ಕೂಡಲೇ ಕ್ಯಾಮೆರಾವನ್ನು ಹಲಗೆಯತ್ತ ತಿರುಗಿಸಿದಳು. ಹಲಗೆಯಲ್ಲೂ ಅದೇ ಗುರುತು ಬಂತು. ಕ್ಯಾಮೆರಾದ ಗಾಜಿನ ಮೇಲೆ ಮಂಜಿನ ತೆಳುಪದರ ಕೂತಿತ್ತು. ನೀರಿದ್ದದ್ದು ಅಲ್ಲಿ, ನೆಲದಲ್ಲಲ್ಲ.

"ಯಾರಿಗೂ ಗೊತ್ತಿಲ್ಲ, ಸುಮ್ಮನಿರು. ಮರ್ಯಾದೆ ಹೋಗುತ್ತದೆ" ಎಂದ ಜೊತೆಯವನು.

"ನೌಕೆ ಇಳಿಯುವುದು ನೆಲದ ಮೇಲೆ ಕಣೋ, ನನ್ನ ಮರ್ಯಾದೆಯ ಮೇಲಲ್ಲ" ಎಂದಳು.

ನಕ್ಷೆಯನ್ನು ತಾನೇ ಹಿಂದಕ್ಕೆ ಪಡೆದಳು. ಬೈಸಿಕೊಂಡಳು, ಅತ್ತಳು, ಆದರೆ ಜಗ್ಗಲಿಲ್ಲ. ದಿನವೂ ಮೊದಲು ಹಲಗೆ, ಆಮೇಲೆ ನೆಲ. ಹಲಗೆಯಲ್ಲಿ ಕಂಡದ್ದನ್ನು ನೆಲದಲ್ಲಿ ಕಂಡದ್ದರಿಂದ ಕಳೆಯುತ್ತಾ ಹೋದಳು. ಮತ್ತೆ ನಾಲ್ಕು ವರ್ಷ ಹಿಡಿಯಿತು. ಕೊನೆಗೆ ಒಂದೇ ಒಂದು ಹಳ್ಳದಲ್ಲಿ ಜೇಡಿಯ ಗುರುತು ಉಳಿಯಿತು. ನೌಕೆ ಅಲ್ಲಿ ಇಳಿದು ಕೆದಕಿತು. ಜೇಡಿಯೇ ಸಿಕ್ಕಿತು.

ಕತೆ ಮುಗಿಯಿತು. "ಭಲೇ ಛಲಗಾತಿ! ಆದರೆ ಗುರುಗಳೇ, ನಾನು ಕೇಳಿದ್ದು..." ಎಂದ ನಿಂಗಯ್ಯ.

ಗುರುಗಳು ಅವನ ಮುಖವನ್ನೇ ನೋಡಿದರು.

"ಹನ್ನೆರಡು ಜನರಲ್ಲೂ ಒಂದೇ ಕಂಡಿತು ಎಂದೆಯಲ್ಲ ನಿಂಗಯ್ಯ, ನೀನು ಹಲಗೆ ನೋಡಿ ಎಷ್ಟು ದಿನವಾಯಿತು?"