ಕೊಕ್ಕರೆ ಕೊಂಡ ಕಂಪ್ಯೂಟರ್

ಕೆರೆಯ ಮಿಂಚುಳ್ಳಿಗಳೆಲ್ಲ ಕಂಪ್ಯೂಟರಿನಲ್ಲಿ ಮೀನುಬೇಟೆಯ ಆಟವಾಡುತ್ತಿದ್ದವು. ಕೊಕ್ಕರೆಗೂ ಅವುಗಳ ಜೊತೆ ಆಡುವ ಆಸೆ. ಆದರೆ ಕಂಪ್ಯೂಟರಿನ ಬೆಲೆ ಹೆಚ್ಚಾಯಿತೆಂದು ಅದನ್ನು ಮಾರುವ ಅಂಗಡಿಯ ಮುಂದೆ ಒಂಟಿಕಾಲಿನಲ್ಲಿ ನಿಂತುಬಿಟ್ಟಿತು.

"ಕೊಕ್ಕರೆಯವರೇ, ನಮ್ಮ ತಂಡದಲ್ಲಿ ಒಂದು ಜಾಗ ಖಾಲಿಯಿದೆ. ಇಂದೇ ಕೊಂಡುಬಿಡಿ," ಎಂದಿತು ಒಂದು ಮಿಂಚುಳ್ಳಿ.

"ಆತುರ ನಮ್ಮ ಮನೆತನಕ್ಕೆ ಹೇಳಿದ್ದಲ್ಲ. ಬೆಲೆ ಇಳಿಯಲಿ."

ಎರಡು ಮಳೆಗಾಲ ಕಳೆದ ಮೇಲೆ ಬೆಲೆ ಅರ್ಧಕ್ಕಿಳಿಯಿತು. ಕೊಕ್ಕರೆ ಕಂಪ್ಯೂಟರನ್ನು ಗತ್ತಿನಿಂದ ಹೊತ್ತು ತಂದು, "ನೋಡಿದಿರಾ, ಕಾದವರಿಗೇ ಲಾಭ. ಆಟ ಶುರುಮಾಡಿ," ಎಂದಿತು.

"ಆ ಆಟವನ್ನು ಈಗ ಯಾರೂ ಆಡುವುದಿಲ್ಲ ಸ್ವಾಮಿ. ನಾವಾಡುವ ಹೊಸ ಆಟ ಇದರಲ್ಲಿ ಓಡುವುದಿಲ್ಲ. ಅದಕ್ಕೆ ಹೊಸ ಕಂಪ್ಯೂಟರೇ ಬೇಕು."

"ಅದರ ಬೆಲೆಯೂ ಇಳಿದೇ ಇಳಿಯುತ್ತದೆ," ಎಂದ ಕೊಕ್ಕರೆ, ಮತ್ತೆ ಅಂಗಡಿಯ ಮುಂದೆ ಹೋಗಿ ಇನ್ನೊಂದು ಕಾಲಿನ ಮೇಲೆ ನಿಂತಿತು.